ಪೊಟ್ಟಣದ ಮೇಲಿಲ್ಲದ ಊರು

ಅರಕಲಗೂಡು ತಾಲ್ಲೂಕಿನ ರಾಮನಾಥಪುರವನ್ನು ಹೆಚ್ಚಿನವರು ಬಲ್ಲುದು ಕಾವೇರಿ ತೀರದ ಯಾತ್ರಾಸ್ಥಳವೆಂದು. ಹೊಗೆಸೊಪ್ಪಿನ ವ್ಯಾಪಾರಿಗಳು ಅದನ್ನು ಬಲ್ಲುದು ಹರಾಜು ಮಾರುಕಟ್ಟೆಯಾಗಿ. ಸುತ್ತಲಿನ ಹೊಲಗಳಲ್ಲಿ ಮಳೆಯನ್ನೇ ನಂಬಿ ಬೆಳೆದು, ಬ್ಯಾರನ್ನಿನ ಕಾವಿನಲ್ಲಿ ಹೊಂಬಣ್ಣಕ್ಕೆ ತಿರುಗಿದ ವರ್ಜೀನಿಯಾ ಸೊಪ್ಪು ಇಲ್ಲಿಗೆ ಬೇಲುಗಳಾಗಿ ಬಂದು, ದರ್ಜೆಯ ಲೆಕ್ಕದಲ್ಲಿ ಬಿಕರಿಯಾಗುತ್ತದೆ. ಆಮೇಲೆ ಅದು ಯಾವ ಸಿಗರೇಟಾಯಿತೆಂದು ಬೆಳೆದವನಿಗೇ ತಿಳಿಯದು.

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುವ ಪೊಟ್ಟಣಗಳ ಮೇಲಿನ ಹೆಸರುಗಳೆಲ್ಲ ಪರಸ್ಥಳದವೇ. ಸಿಗಾರಿನ ಕೀರ್ತಿ ತಿರುಚಿನಾಪಳ್ಳಿ, ದಿಂಡಿಗಲ್ಲುಗಳ ಪಾಲಾಯಿತು. ಸಿಗರೇಟಿನಲ್ಲಿ ಚಾರ್‌ಮಿನಾರ್ ಹೈದರಾಬಾದಿನದು. ಬಿಳಿಯ ಸಿಪಾಯಿಗಳ ನೆಚ್ಚಿನದಾಗಿದ್ದ ಕತ್ತರಿ ಗುರುತಿನ ಸಿಜರ್ಸ್ ಇಂಗ್ಲೆಂಡಿನ ವಿಲ್ಸ್ ಮನೆತನದ್ದು. 1960ರ ದಶಕದಲ್ಲಿ ಫಿಲ್ಟರ್ ಸಿಗರೇಟು ಬಂದಮೇಲೆ ಬರಿಯ ಸಿಗರೇಟಿನ ಗತ್ತು ಇಳಿಯಿತು. ಕಂಪನಿಯೂ ಹೆಸರು ಬದಲಿಸಿಕೊಂಡಿತು: 1910ರ ಇಂಪೀರಿಯಲ್ ಟೊಬ್ಯಾಕೊ 1970ರಲ್ಲಿ ಇಂಡಿಯಾ ಟೊಬ್ಯಾಕೊ ಆಯಿತು, 1974ರಲ್ಲಿ ಬರಿಯ ಐ.ಟಿ.ಸಿ. ತಂಬಾಕು ಎಂಬ ಮಾತೇ ಮೂರಕ್ಷರಗಳ ಹಿಂದೆ ಮರೆಯಾಯಿತು.

ಹೆಸರಿಗೆ ಎಷ್ಟು ಬೆಲೆಯೆಂದು ತೋರಿಸಿಕೊಟ್ಟದ್ದು ಮಾತ್ರ ಬಡವರ ಬೀಡಿ. ಮಂಗಳೂರು ಗಣೇಶ್ ಬೀಡಿಯ ಹೆಸರಿನಲ್ಲಿ ಮಂಗಳೂರಿದ್ದರೂ ಮುಖ್ಯ ಕಚೇರಿ ಮೈಸೂರಿನದು. ಪಾಲುದಾರರ ನಡುವೆ ಬಿರುಕು ಬಿಟ್ಟು ವ್ಯವಹಾರ ಹೈಕೋರ್ಟಿನ ಮೂಲಕ ಹರಾಜಿಗೆ ಬಂದಾಗ, 1994ರಲ್ಲಿ, ಅವರಲ್ಲೇ ಮೂವರು 92 ಕೋಟಿ ರೂಪಾಯಿಗೆ ಕೂಗಿ ಕೊಂಡರು. ಬೀಡಿ ಕಟ್ಟಲು ಬೇಕಾದದ್ದು ಎಲೆ, ಸೊಪ್ಪು, ದಾರ, ಕತ್ತರಿ. ದೊಡ್ಡ ಯಂತ್ರವೇನೂ ಇಲ್ಲ. ಹಾಗಾದರೆ ಇಷ್ಟು ಹಣ ಯಾತಕ್ಕೆ? ಆದಾಯ ತೆರಿಗೆಯ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊಂಡದ್ದು ವ್ಯಾಪಾರಮುದ್ರೆಯನ್ನೇ, ತೆರಿಗೆಯ ಲೆಕ್ಕಕ್ಕೆ ಅದೂ ಯಂತ್ರೋಪಕರಣದ ಸಾಲಿಗೆ ಸೇರುತ್ತದೆ ಎಂದು 2015ರಲ್ಲಿ ನ್ಯಾಯಾಲಯ ಹೇಳಿತು. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರ ಕೈಚಳಕಕ್ಕೆ ಅಂಥ ಬೆಲೆ ಯಾರೂ ಕಟ್ಟಲಿಲ್ಲ.

ಈಗ ಆ ಹೆಸರುಗಳಿಗೇ ಜಾಗ ಕಿರಿದಾಗಿದೆ. 2009ರ ಮೇ 31ರಿಂದ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು. 2016ರ ಏಪ್ರಿಲ್‌ನಿಂದ ಅದು ಶೇಕಡಾ 85 ಭಾಗವನ್ನು ಆಕ್ರಮಿಸಬೇಕೆಂದಾಯಿತು. ಆ ನಿಯಮವನ್ನು ಕರ್ನಾಟಕ ಹೈಕೋರ್ಟು 2017ರ ಡಿಸೆಂಬರಿನಲ್ಲಿ ರದ್ದು ಮಾಡಿದರೂ, ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಕತ್ತರಿ, ಗೋಪುರ, ಗಣಪತಿಗಳು ಕಣ್ಣಿಗೆ ಬೀಳುತ್ತಿದ್ದ ಜಾಗದಲ್ಲಿ ಇಂದು ಎದ್ದು ಕಾಣುವುದು ರೋಗದ ಚಿತ್ರ.

ಇಷ್ಟೆಲ್ಲ ನಡೆದರೂ ಅರಕಲಗೂಡು ಸೀಮೆಯ ರೈತನಿಗೆ ಲೆಕ್ಕವೇ ಬೇರೆ. 1984ರಲ್ಲಿ ತಂಬಾಕು ಮಂಡಳಿ ರಾಜ್ಯದಲ್ಲಿ ಹರಾಜು ಆರಂಭಿಸಿದ ಮೇಲೆ ನಾಲ್ವರ ಎದುರು ದರ ಕೂಗುವುದಾದರೂ ರೂಢಿಗೆ ಬಂತು. ಎಷ್ಟು ಬೆಳೆಯಬೇಕೆಂಬ ಮಿತಿಯನ್ನು ವರ್ಷವರ್ಷವೂ ಮಂಡಳಿಯೇ ಗೊತ್ತುಮಾಡುತ್ತದೆ, ಮೀರಿದರೆ ದಂಡ. ಸೊಪ್ಪು ಹದ ಮಾಡಲು ಬ್ಯಾರನ್ನಿಗೆ ಸೌದೆ ಬೇಕು, ಸೌದೆಗೆ ಸಾಲ. ಸಾಲ ತೀರುವುದು ಅಂಗಡಿಯಲ್ಲಿ ಯಾವ ಪೊಟ್ಟಣ ಓಡುತ್ತಿದೆ ಎಂಬುದರಿಂದಲ್ಲ, ಹರಾಜಿನ ದಿನ ಅವನ ಬೇಲು ಯಾವ ದರ್ಜೆಗೆ ಬಿತ್ತು ಎಂಬುದರಿಂದ.