ತೂಬಿನಿಂದ ಕೋಡಿಯವರೆಗೆ

ಬೆಳಿಗ್ಗೆ ಮಂಡ್ಯ, ಮಧ್ಯಾಹ್ನ ಮದ್ದೂರು, ಮರುದಿನ ಮಳವಳ್ಳಿ ಎಂದು ಕೆಲಸದ ಮೇಲೆ ಸುತ್ತುವಾಗ ಸಂಜೆ ಸ್ವಲ್ಪ ಬಿಡುವು ಸಿಕ್ಕರೆ ಗಾಳ ಹಾಕುವ ಆಸೆಯಾಗುತ್ತದೆ. ನೀರಿಗೇನೂ ಬರವಿಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಕವಲೊಡೆದು ಈ ಕಡೆಯ ಗದ್ದೆಗಳಿಗೆಲ್ಲ ಹರಿಯುತ್ತದೆ, ಶಿಂಷಾ ನದಿ ಮದ್ದೂರಿನ ಪಕ್ಕದಲ್ಲೇ ಇದೆ, ನಡುನಡುವೆ ಕೆರೆಗಳು. ಎಲ್ಲಿ ಕೂತರೆ ಮೀನು ಸಿಕ್ಕೀತು, ಯಾರನ್ನು ಕೇಳಿ ಕೂರಬೇಕು ಎಂಬುದಷ್ಟೇ ಪ್ರಶ್ನೆ. ಅದನ್ನು ತಿಳಿಯಲೆಂದು ಗಾಳವನ್ನು ಗಾಡಿಯಲ್ಲೇ ಬಿಟ್ಟು, ಮಳವಳ್ಳಿ ರಸ್ತೆಯಿಂದ ಒಳಗಿರುವ ಒಂದು ಕೆರೆಯನ್ನು ನಡೆದು ನೋಡಿದೆ.

ಮೊದಲು ಸಿಕ್ಕಿದ್ದು ಸೀಳುನಾಲೆ. ಎರಡೂ ಕಡೆ ಕಬ್ಬು. ಎಲ್ಲಿಂದಲೋ ಆಲೆಮನೆಯ ಹೊಗೆಯ ವಾಸನೆ. ನೀರು ಕೆಂಪಗೆ, ಬಿರುಸಾಗಿ ಓಡುತ್ತಿತ್ತು. ಇಂಥ ಓಟದಲ್ಲಿ ಬೆಂಡು ನಿಲ್ಲುವುದಿಲ್ಲ. ದೊಡ್ಡ ನಾಲೆಯ ಅಂಚಿಗಂತೂ ಹೋಗಲೇಬೇಡಿ. ಇಳಿಜಾರು ಗೋಡೆ ಪಾಚಿಗಟ್ಟಿರುತ್ತದೆ, ಜಾರಿದರೆ ಕೈಗೆ ಹಿಡಿತ ಸಿಗುವುದಿಲ್ಲ. ಈಜು ಬಂದವರಿಗೂ ಅದು ಅಪಾಯವೇ.

ನಾಲೆಯ ದಾರಿ ಹಿಡಿದು ಹೋದರೆ ಅದು ಕೆರೆಗೆ ಬಂದು ಸೇರುವ ಬಾಯಿ. ಇಲ್ಲಿ ನೀರಿನ ವೇಗ ಸತ್ತು, ಕೆಸರು ಕೂತು, ಜೊಂಡು ಬೆಳೆದಿದೆ. ಜೊಂಡಿನ ಅಂಚಿನಲ್ಲಿ ಬಣ್ಣದ ಕೊಕ್ಕರೆಗಳು ಕೊಕ್ಕನ್ನು ನೀರಿನಲ್ಲಿ ಅರೆಬಿಟ್ಟು ನಿಧಾನವಾಗಿ ನಡೆಯುತ್ತಿದ್ದವು. ಕೊಕ್ಕರೆ ಬೆಳ್ಳೂರು ಇದೇ ಮದ್ದೂರು ತಾಲ್ಲೂಕಿನದು. ಊರೊಳಗಿನ ಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳು ಸುತ್ತಲಿನ ಕೆರೆ, ಹೊಳೆಗಳಿಂದಲೇ ಮರಿಗಳಿಗೆ ಮೀನು ಒಯ್ಯುತ್ತವೆ. ನಾನು ಕಂಡವು ಅಲ್ಲಿಯವೇ ಎಂದು ಹೇಳಲಾರೆ. ಹಕ್ಕಿ ಮೇಯುವ ಕಡೆ ಸಣ್ಣ ಮೀನು ಇರುವುದಂತೂ ಖಚಿತ. ಸಣ್ಣದಿದ್ದಲ್ಲಿ ಅದನ್ನು ತಿನ್ನುವ ಕೊರವವೂ ಹೊಂಚಿರುತ್ತದೆ.

ಏರಿ ಹತ್ತಿದೆ. ಕಲ್ಲುಕಟ್ಟಣೆಯ ಮೇಲೆ ಹಿರಿಯರೊಬ್ಬರು ಬಿದಿರು ಕಡ್ಡಿ ಹಿಡಿದು ಕೂತಿದ್ದರು. ಪಕ್ಕದ ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಡಬ್ಬಿಯಲ್ಲಿ ಅಂಗೈ ಅಗಲದ ಜಿಲೇಬಿ ಮೀನುಗಳು.

"ದೊಡ್ಡವು ಸಿಗಲ್ವಾ ಯಜಮಾನ್ರೇ?" ಎಂದೆ.

"ಸಿಕ್ತವೆ ಸಾ. ತೂಬಿನ ತಾವ ಗುಂಡಿ ಅದೆ, ನಾಲೆ ನಿಂತ ಮ್ಯಾಲೆ ಎಲ್ಲಾ ಅಲ್ಲಿಗೇ ಬತ್ತವೆ."

ಅವರ ಮಾತಿನಲ್ಲಿ ಇಡೀ ಕೆರೆಯ ನಕ್ಷೆ ಇತ್ತು. ಇಲ್ಲಿ ನೀರು ಏರಿಳಿಯುವುದಕ್ಕೆ ಮಳೆಯಷ್ಟೇ ಕಾರಣವಲ್ಲ, ನಾಲೆಗೆ ನೀರು ಬಿಡುವುದೂ ನಿಲ್ಲಿಸುವುದೂ ಕಾರಣ. ನೀರು ಇಳಿದಂತೆ ಮೀನು ಆಳ ಹುಡುಕುತ್ತದೆ. ಹಳೆಯ ಕೆರೆಗಳಲ್ಲಿ ಆಳ ಸಾಮಾನ್ಯವಾಗಿ ಏರಿಯ ಮಗ್ಗುಲಲ್ಲೇ, ತೂಬಿನ ಬಳಿ. ಹೊರಗಿನಿಂದ ಬಂದವರು ಹವಾಮಾನ ನೋಡುವ ಮೊದಲು ನಾಲೆಯಲ್ಲಿ ನೀರಿದೆಯೇ ಎಂದು ಕೇಳಬೇಕು.

ತೂಬಿನ ಕಲ್ಲುಕಂಬಗಳ ಹತ್ತಿರ ನಿಂತು ನೋಡಿದೆ. ಕಡುಹಸಿರು ನೀರು, ತಳ ಕಾಣದು. ಒಮ್ಮೆ ಅಗಲವಾದ ಬೆನ್ನೊಂದು ಹೊರಳಿತು. ಕಾಟ್ಲಾ ಇರಬೇಕು, ಗೆಂಡೆಯೂ ಆಗಿರಬಹುದು. ಕಾಟ್ಲಾ, ರೋಹು ಇಲ್ಲಿ ತಾವಾಗಿ ಬಂದವಲ್ಲ, ಮರಿ ತಂದು ಬಿಟ್ಟು ಬೆಳೆಸುವ ಮೀನುಗಳು. ಅಂದಮೇಲೆ ಅವಕ್ಕೆ ಒಡೆಯರಿದ್ದಾರೆ. ಮೀನು ಪಾಶುವಾರು ಹಕ್ಕನ್ನು ಗುತ್ತಿಗೆ ಪಡೆದವರು ಮರಿಗೆ ಹಣ ಹಾಕಿ, ರಾತ್ರಿ ಕಾವಲಿದ್ದು ಸಾಕುತ್ತಾರೆ. ಅವರನ್ನು ಕೇಳದೆ ಗಾಳ ಬಿಡುವುದು ಪಕ್ಕದ ತೋಟದ ಎಳನೀರು ಕೆಡವಿದ ಹಾಗೆ. ಊರವರೊಬ್ಬರು ಕೂತಿದ್ದಾರೆಂದು ನಾವೂ ಕೂರಬಹುದು ಎಂದಲ್ಲ.

ಹಿರಿಯರು ಮುತ್ತತ್ತಿಯ ಮಾತೆತ್ತಿದರು. ಮಳವಳ್ಳಿ ತಾಲ್ಲೂಕಿನ ಆ ಕಾವೇರಿ ದಂಡೆ ಒಂದು ಕಾಲಕ್ಕೆ ಮಹಸೀರ್ ಹಿಡಿಯುವವರನ್ನು ದೇಶವಿದೇಶಗಳಿಂದ ಸೆಳೆದದ್ದು. ಗಾಳಕ್ಕೆ ಸಿಕ್ಕಿಸುತ್ತಿದ್ದುದು ನಮ್ಮ ರಾಗಿಹಿಟ್ಟು ಬೇಯಿಸಿ ಕಟ್ಟಿದ ಉಂಡೆ. ಈಗ ಅಲ್ಲಿಗೆ ಗಾಳ ಒಯ್ಯುವ ಮಾತೇ ಇಲ್ಲ. ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಸೀಮೆ. ಕಾವೇರಿ ಕಣಿವೆ ಬಿಟ್ಟು ಬೇರೆಲ್ಲೂ ಸಹಜವಾಗಿ ಇರದ ಗೂನುಬೆನ್ನಿನ ಮಹಸೀರ್ 2018ರಲ್ಲಿ ಜಾಗತಿಕ ಕೆಂಪುಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿ ಎಂದು ಸೇರಿತು. ಉಳಿದಿರುವಷ್ಟನ್ನು ಹೊಳೆಗೇ ಬಿಡಬೇಕು.

ಏರಿಯ ಕೊನೆಗೆ ಕೋಡಿ. ಕೆರೆ ತುಂಬಿರಲಿಲ್ಲ, ಕಲ್ಲುಗಳು ಒಣಗಿದ್ದವು. ಕೆಳಗಿನ ಮಡುವಿನಲ್ಲಿ ಹುಡುಗರು ಟವೆಲ್ ಹರವಿ ಸಣ್ಣ ಮೀನು ಗೋರುತ್ತಿದ್ದರು. ಗುತ್ತಿಗೆದಾರರ ಮನೆ ಅವರಿಗೆ ಗೊತ್ತಿತ್ತು. ಹಾಲಿನ ಡೇರಿ ಎದುರಿನ ಹೆಂಚಿನ ಮನೆ, ಸಂಜೆ ಇರುತ್ತಾರೆ ಎಂದರು. ಗಾಡಿ ಅತ್ತ ತಿರುಗಿಸಿದೆ. ಒಪ್ಪಿದರೆ, ನಾಲೆ ನಿಂತ ಮೇಲೆ ತೂಬಿನ ಬಲಕ್ಕೆ, ಹೊಂಗೆಮರದ ನೆರಳು ಬೀಳುವಲ್ಲಿ ಕೂರುತ್ತೇನೆ.