ಸ್ಮರಣೆ ಮತ್ತು ಆಕರ: ಫ್ರೆಂಚ್ ಸಾಮ್ರಾಜ್ಯ ಚರಿತ್ರೆಯ ಇಂದಿನ ಓದು

ಫ್ರೆಂಚ್ ಚರಿತ್ರೆಯ ಸಂದರ್ಭದಲ್ಲಿ ‘ಸಾಮ್ರಾಜ್ಯ’ ಎಂಬ ಪದ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಮೊದಲನೆಯದು ಬೋನಪಾರ್ಟ್ ಮನೆತನದ ಆಳ್ವಿಕೆ. ಒಂದನೆಯ ನೆಪೋಲಿಯನ್ 1804ರಲ್ಲಿ ಸ್ಥಾಪಿಸಿ 1814-15ರಲ್ಲಿ ಕಳೆದುಕೊಂಡದ್ದು ಹಾಗೂ ಮೂರನೆಯ ನೆಪೋಲಿಯನ್ 1852ರಿಂದ 1870ರವರೆಗೆ ಆಳಿದ್ದು ಇದರಲ್ಲಿ ಸೇರುತ್ತವೆ. ಎರಡನೆಯದು ಕೆರಿಬಿಯನ್ ದ್ವೀಪಗಳಿಂದ ಅಲ್ಜೀರಿಯ, ಇಂಡೋಚೀನಾಗಳವರೆಗೆ ಹರಡಿದ್ದ ವಸಾಹತುಗಳ ಸಾಮ್ರಾಜ್ಯ. ಬಹುಕಾಲ ಫ್ರೆಂಚ್ ಸಾರ್ವಜನಿಕ ನೆನಪಿನಲ್ಲಿ ಇವೆರಡೂ ಪರಸ್ಪರ ಸಂಬಂಧವಿಲ್ಲದವುಗಳಂತೆ ಇದ್ದವು. ಪಿಯರ್ ನೋರಾ ಅವರ ಸಂಪಾದಕತ್ವದಲ್ಲಿ 1984ರಿಂದ 1992ರವರೆಗೆ ಹೊರಬಂದ ‘ನೆನಪಿನ ತಾಣಗಳು’ ಎಂಬ ಬೃಹತ್ ಸಂಪುಟಮಾಲೆಯಲ್ಲಿ ನೆಪೋಲಿಯನ್ನನ ಅವಶೇಷಗಳು ಪ್ಯಾರಿಸ್ಸಿಗೆ ಮರಳಿದ ಪ್ರಸಂಗಕ್ಕೆ ಸಹಜವಾಗಿಯೇ ಒಂದು ಪ್ರಬಂಧ ಮೀಸಲಾಗಿದೆ. ವಸಾಹತುಗಳಿಗೆ ದೊರೆತಿರುವ ಜಾಗ ಮಾತ್ರ ತೀರ ಕಡಿಮೆ. 1931ರ ವಸಾಹತು ಪ್ರದರ್ಶನವನ್ನು ಕುರಿತ ಬರಹವೇ ಅಲ್ಲಿ ಎದ್ದು ಕಾಣುವಂಥದು. ಈ ಕೊರತೆಯನ್ನು ವಿಮರ್ಶಕರು ಅನೇಕ ಸಲ ಎತ್ತಿ ತೋರಿಸಿದ್ದಾರೆ.

ಎರಡು ಶತಮಾನಗಳು ಕಳೆದ ಮೇಲೂ ಈ ಚರಿತ್ರೆಯಲ್ಲಿ ಜನರ ಆಸಕ್ತಿ ಏಕೆ ಉಳಿದಿದೆ ಎಂಬ ಪ್ರಶ್ನೆಗೆ ಸ್ಮಾರಕಗಳತ್ತ ಬೆರಳು ತೋರಿಸುವುದು ವಾಡಿಕೆ. ವಿಜಯ ಕಮಾನು, ವೆಂದೋಮ್ ಚೌಕದ ಸ್ತಂಭ, ಇನ್ವಾಲೀದಿನ ಸಮಾಧಿ ಇವೆಲ್ಲ ಇವೆ. 2015ರಲ್ಲಿ ವಾಟರ್ಲೂ ಯುದ್ಧದ ಇನ್ನೂರನೆಯ ವರ್ಷದಂದು ಸಾವಿರಾರು ಹವ್ಯಾಸಿಗಳು ಸಮವಸ್ತ್ರ ತೊಟ್ಟು ಕಾಳಗವನ್ನು ಮರುನಟಿಸಿದರು. 2023ರಲ್ಲಿ ರಿಡ್ಲಿ ಸ್ಕಾಟ್ ಅವರ ಚಲನಚಿತ್ರ ಬಂದಿತು. ಆಬೆಲ್ ಗಾನ್ಸ್ 1927ರಲ್ಲಿ ತೆಗೆದ ಮೂಕಿಚಿತ್ರದ ಪುನರುಜ್ಜೀವಿತ ಪ್ರತಿ ಮರುವರ್ಷ ತೆರೆಕಂಡಿತು. ಇವು ಕುತೂಹಲವನ್ನು ಕೆರಳಿಸುತ್ತವೆ, ನಿಜ. ಆದರೆ ಕುತೂಹಲವನ್ನು ತಿಳಿವಳಿಕೆಯಾಗಿ ಬೆಳೆಸುವ ಕೆಲಸ ಬೇರೊಂದು ಕಡೆ ನಡೆದಿದೆ ಎಂಬುದು ಈ ಲೇಖನದ ನಿಲುವು. ಆ ಕೆಲಸ ನಮಗೆ ಚಿರಪರಿಚಿತವಾದ ಗ್ರಂಥಸಂಪಾದನೆಯದು.

ನೆಪೋಲಿಯನ್ನನ ಪತ್ರಗಳ ಮೊದಲ ದೊಡ್ಡ ಆವೃತ್ತಿ ಅವನ ತಮ್ಮನ ಮಗನಾದ ಮೂರನೆಯ ನೆಪೋಲಿಯನ್ನನ ಆಜ್ಞೆಯಂತೆ ಸಿದ್ಧವಾಯಿತು. 1858ರಿಂದ ಆರಂಭಿಸಿ 32 ಸಂಪುಟಗಳಲ್ಲಿ ಸುಮಾರು 22,000 ಪತ್ರಗಳು ಮತ್ತು ಸೇಂಟ್ ಹೆಲೆನಾದ ಬರಹಗಳು ಅಚ್ಚಾದವು. ಕಾರ್ಯ ಸಾಗುತ್ತಿದ್ದಾಗಲೇ, 1864ರಲ್ಲಿ, ಸಂಪಾದಕ ಸಮಿತಿ ಬದಲಾಗಿ ಅದರ ಅಧ್ಯಕ್ಷತೆ ರಾಜಮನೆತನದ ಪ್ರಿನ್ಸ್ ನೆಪೋಲಿಯನ್ನನಿಗೆ ಹೋಯಿತು. ಚಕ್ರವರ್ತಿ ಬದುಕಿದ್ದರೆ ತಾನಾಗಿ ಯಾವುದನ್ನು ಲೋಕದ ಮುಂದಿಡುತ್ತಿದ್ದನೋ ಅಷ್ಟನ್ನೇ ಪ್ರಕಟಿಸಬೇಕು ಎಂಬುದು ಈ ಸಮಿತಿಯ ಧೋರಣೆ. ಸಂಪಾದಕನು ಕವಿಯ ಗೌರವಕ್ಕೆ ಕುಂದು ಬಾರದಿರಲೆಂದು ಪದ್ಯ ಬಿಡುವುದನ್ನು ಬಲ್ಲ ನಮಗೆ ಈ ಧೋರಣೆ ಹೊಸದಲ್ಲ. ಮುಂದಿನ ಒಂದು ಶತಮಾನಕ್ಕೂ ಮಿಕ್ಕಿ ಚರಿತ್ರಕಾರರು ಬಹುಮಟ್ಟಿಗೆ ಇದೇ ಆವೃತ್ತಿಯನ್ನು ಆಶ್ರಯಿಸಿದರು. ಬಿಟ್ಟುಹೋದ ಪತ್ರಗಳು ಬಿಡಿಬಿಡಿಯಾಗಿ ಪ್ರಕಟವಾಗುತ್ತಿದ್ದರೂ ಸಮಗ್ರವಾದ ಪಠ್ಯ ಇರಲಿಲ್ಲ.

1987ರಲ್ಲಿ ಸ್ಥಾಪನೆಯಾದ ನೆಪೋಲಿಯನ್ ಪ್ರತಿಷ್ಠಾನ ಈ ಶತಮಾನದ ಆರಂಭದಲ್ಲಿ ಆ ಕೆಲಸಕ್ಕೆ ಕೈಹಾಕಿತು. ಪತ್ರಾಗಾರಗಳಿಂದ, ಖಾಸಗಿ ಸಂಗ್ರಹಗಳಿಂದ ಪತ್ರಗಳನ್ನು ಕಲೆಹಾಕಿ ಮೂಲದೊಂದಿಗೆ ಹೋಲಿಸಿ ಟಿಪ್ಪಣಿಗಳೊಡನೆ ಪ್ರಕಟಿಸಲಾಯಿತು. 2004ರಲ್ಲಿ ಮೊದಲ ಸಂಪುಟ ಬಂದಿತು. 2018ರಲ್ಲಿ ಹದಿನೈದನೆಯದು ಹೊರಬಂದು ಯೋಜನೆ ಮುಗಿಯಿತು. ಪತ್ರಗಳ ಸಂಖ್ಯೆ 40,000ವನ್ನು ಮೀರಿದೆ. ಇಲ್ಲಿ ಗಮನಿಸಬೇಕಾದುದು ಪತ್ರಗಳ ಲಿಪ್ಯಂತರಕ್ಕೆ ವೃತ್ತಿ ಚರಿತ್ರಕಾರರಲ್ಲದ ಸ್ವಯಂಸೇವಕರೂ ದುಡಿದರು ಎಂಬ ಸಂಗತಿ. ಸಾರ್ವಜನಿಕರನ್ನು ಕೇವಲ ನೋಡುಗರನ್ನಾಗಿ ಉಳಿಸದೆ ಹಸ್ತಪ್ರತಿಯ ಮುಂದೆ ಕೂರಿಸಿದ್ದು ಯಾವ ಮೆರವಣಿಗೆಗಿಂತಲೂ ದೊಡ್ಡ ಕಾರ್ಯವೆಂದು ನಾನು ಭಾವಿಸುತ್ತೇನೆ.

ಇನ್ನೊಂದು ನಿದರ್ಶನ ಇದಕ್ಕಿಂತ ಸ್ವಾರಸ್ಯದ್ದು. ನೆಪೋಲಿಯನ್ನನ ದಂತಕಥೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮನೆಮನೆಗೆ ಮುಟ್ಟಿಸಿದ ಕೃತಿ ಲಾ ಕಾಸ್ ಬರೆದು 1823ರಲ್ಲಿ ಪ್ರಕಟಿಸಿದ ಸೇಂಟ್ ಹೆಲೆನಾದ ಸ್ಮರಣ ಗ್ರಂಥ. ಸೆರೆಯಲ್ಲಿದ್ದ ಚಕ್ರವರ್ತಿಯ ಮಾತುಗಳನ್ನು ದಿನದಿನವೂ ಬರೆದುಕೊಂಡದ್ದೆಂದು ಅದರ ಖ್ಯಾತಿ. 1816ರಲ್ಲಿ ಲಾ ಕಾಸನನ್ನು ದ್ವೀಪದಿಂದ ಹೊರಹಾಕುವಾಗ ಬ್ರಿಟಿಷರು ಅವನ ಕಾಗದಪತ್ರಗಳನ್ನು ವಶಪಡಿಸಿಕೊಂಡಿದ್ದರು. ಅವನಿಗೆ ಅವು ಮರಳಿ ದೊರೆತದ್ದು ನೆಪೋಲಿಯನ್ ಸತ್ತ ಮೇಲೆ. ಈ ನಡುವೆ ಬ್ರಿಟಿಷರು ಮಾಡಿಸಿಕೊಂಡಿದ್ದ ಒಂದು ಪ್ರತಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಪತ್ತೆಯಾಗಿ 2017ರಲ್ಲಿ ಪ್ರಕಟವಾಯಿತು. ಅಚ್ಚಾದ ಗ್ರಂಥದೊಡನೆ ಹೋಲಿಸಿದರೆ ಹಸ್ತಪ್ರತಿ ಎಷ್ಟೋ ಚಿಕ್ಕದು. ಶಾಲಾಮಕ್ಕಳಿಗೂ ಬಾಯಿಪಾಠವಾಗಿದ್ದ ಹಲವು ಪ್ರಸಿದ್ಧ ಮಾತುಗಳು ಅದರಲ್ಲಿ ಇಲ್ಲ. ಅವನ್ನು ಲಾ ಕಾಸ್ ಅನಂತರ ಸೇರಿಸಿರಬೇಕು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅವು ಪ್ರಕ್ಷಿಪ್ತ. ಇದನ್ನು ಬಯಲಿಗೆ ತಂದವರು ನೆಪೋಲಿಯನ್ನನ ವಿರೋಧಿಗಳಲ್ಲ, ಅವನ ಹೆಸರಿನ ಪ್ರತಿಷ್ಠಾನದ ವಿದ್ವಾಂಸರು. ಆದರೂ ಗ್ರಂಥ ಮೂಲೆಗುಂಪಾಗಲಿಲ್ಲ. ಒಂದು ದಂತಕಥೆ ಹೇಗೆ ರಚಿತವಾಗುತ್ತದೆ ಎಂಬುದಕ್ಕೆ ಸಾಕ್ಷ್ಯವಾಗಿ ಅದನ್ನು ಈಗ ಓದಬಹುದಾಗಿದೆ.

ಇಷ್ಟಾದರೂ ಇದು ಚಕ್ರವರ್ತಿಯ ಕಡೆಯ ಕಡತವೇ. ಸಾಮ್ರಾಜ್ಯದ ಎರಡು ಅರ್ಥಗಳು ಪರಸ್ಪರ ಮುಖಾಮುಖಿಯಾಗುವುದು 1802ರಲ್ಲಿ. ಕ್ರಾಂತಿಕಾರಿ ಸರ್ಕಾರ 1794ರ ಫೆಬ್ರವರಿ 4ರಂದು ಗುಲಾಮಗಿರಿಯನ್ನು ರದ್ದುಗೊಳಿಸಿತ್ತು. ನೆಪೋಲಿಯನ್ ಪ್ರಥಮ ಕಾನ್ಸಲ್ ಆಗಿದ್ದಾಗ, 1802ರ ಮೇ 20ರ ಕಾಯಿದೆ, ಮಾರ್ಟಿನೀಕ್‌ನಂತಹ ಮರಳಿ ದೊರೆತ ವಸಾಹತುಗಳಲ್ಲಿ ಗುಲಾಮಗಿರಿಯನ್ನು ಹಾಗೆಯೇ ಉಳಿಸಿತು. ಜುಲೈ 16ರ ಆದೇಶ ಗ್ವಾಡೆಲೂಪ್‌ನಲ್ಲಿ ಅದನ್ನು ಮರುಸ್ಥಾಪಿಸಿತು. ಪ್ರತಿರೋಧಕ್ಕಿಳಿದ ಲೂಯಿ ದೆಲ್‌ಗ್ರೆ ಮೇ 28ರಂದು ಶರಣಾಗುವ ಬದಲು ಮದ್ದಿಗೆ ಬೆಂಕಿಯಿಟ್ಟು ನೂರಾರು ಸಂಗಡಿಗರೊಂದಿಗೆ ಮಡಿದನು. ಹೈಟಿಯ ನಾಯಕ ತೂಸೆಂ ಲೂವೆರ್ತ್ಯೂರ್ 1803ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿ ಸತ್ತನು. ಹೈಟಿ 1804ರ ಜನವರಿ 1ರಂದು ಸ್ವತಂತ್ರವಾಯಿತು. ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1848ರಲ್ಲಿ.

ಈ ಅಧ್ಯಾಯ ಸಾರ್ವಜನಿಕ ಚರ್ಚೆಯ ನಡುವೆ ಬಂದು ನಿಂತದ್ದು 2005ರಲ್ಲಿ. ಆ ವರ್ಷದ ಫೆಬ್ರವರಿ 23ರ ಕಾಯಿದೆಯೊಂದು, ಸಾಗರದಾಚೆಯ ಫ್ರೆಂಚ್ ಉಪಸ್ಥಿತಿಯ ‘ಸಕಾರಾತ್ಮಕ ಪಾತ್ರ’ವನ್ನು ಶಾಲಾ ಪಠ್ಯಕ್ರಮ ಗುರುತಿಸಬೇಕೆಂದು ವಿಧಿಸಿತು. ಪ್ರಭುತ್ವ ಚರಿತ್ರೆಯ ತೀರ್ಪು ಬರೆಯಬಾರದೆಂದು ಡಿಸೆಂಬರ್‌ನಲ್ಲಿ ನೋರಾ ಸೇರಿದಂತೆ 19 ಮಂದಿ ಚರಿತ್ರಕಾರರು ಮನವಿ ಹೊರಡಿಸಿದರು. ವಿವಾದಿತ ಖಂಡ 2006ರಲ್ಲಿ ರದ್ದಾಯಿತು. ಅದೇ 2005ರ ಡಿಸೆಂಬರ್ 2ರಂದು ಆಸ್ಟರ್‌ಲಿಟ್ಜ್ ವಿಜಯಕ್ಕೆ ಇನ್ನೂರು ವರ್ಷ ತುಂಬಿದಾಗ ಅಧ್ಯಕ್ಷ ಶಿರಾಕ್ ಆಗಲಿ, ನೆಪೋಲಿಯನ್ನನ ಬಗ್ಗೆ ಸ್ವತಃ ಪುಸ್ತಕ ಬರೆದಿದ್ದ ಪ್ರಧಾನಿ ವಿಲ್‌ಪ್ಯಾಂ ಆಗಲಿ ಸಮಾರಂಭದಲ್ಲಿ ಕಾಣಿಸಿಕೊಳ್ಳಲಿಲ್ಲ. ಆದರೆ ಕೆಲವೇ ತಿಂಗಳುಗಳ ಹಿಂದೆ ಟ್ರಫಾಲ್ಗರಿನ ಸ್ಮರಣಾರ್ಥ ಇಂಗ್ಲೆಂಡಿನಲ್ಲಿ ನಡೆದ ನೌಕಾ ಪ್ರದರ್ಶನಕ್ಕೆ ಫ್ರಾನ್ಸ್ ತನ್ನ ವಿಮಾನವಾಹಕ ಹಡಗನ್ನು ಕಳುಹಿಸಿತ್ತು! ಗೆದ್ದ ಯುದ್ಧಕ್ಕೆ ಮೌನ, ಸೋತ ಯುದ್ಧಕ್ಕೆ ಹಡಗು. ಮುಜುಗರದಿಂದ ಹುಟ್ಟಿದ ಇಂಥ ಮೌನ ಯಾರ ನೋವನ್ನೂ ಶಮನಗೊಳಿಸಲಿಲ್ಲ.

2021ರ ವೇಳೆಗೆ ವರ್ತನೆ ಬದಲಾಗಿತ್ತು. ನೆಪೋಲಿಯನ್ ಸತ್ತು ಇನ್ನೂರು ವರ್ಷ ತುಂಬಿದ ಮೇ 5ರಂದು ಅಧ್ಯಕ್ಷ ಮಾಕ್ರೋನ್ ಭಾಷಣ ಮಾಡಿ ಸಮಾಧಿಗೆ ಹೂಗುಚ್ಛ ಅರ್ಪಿಸಿದರು. ಇದು ಸ್ಮರಣೆಯೇ ಹೊರತು ಸಂಭ್ರಮಾಚರಣೆಯಲ್ಲ ಎಂಬ ಭೇದವನ್ನು ಮುಂದಿಟ್ಟರು. ಗುಲಾಮಗಿರಿಯ ಮರುಸ್ಥಾಪನೆಯನ್ನು ಜ್ಞಾನೋದಯದ ಆಶಯಕ್ಕೆ ಬಗೆದ ದ್ರೋಹವೆಂದರು. ಮಾತಿಗಿಂತ ಮುಖ್ಯವಾದುದು ಅದೇ ವರ್ಷ ಪ್ಯಾರಿಸ್ಸಿನ ಲಾ ವಿಲೆತ್‌ನಲ್ಲಿ ನಡೆದ ಪ್ರದರ್ಶನ. ಕಿರೀಟ, ಖಡ್ಗ, ಸಿಂಹಾಸನಗಳ ಸಾಲಿನಲ್ಲಿ 1802ರ ಕಾಯಿದೆ ಮತ್ತು ಆದೇಶಗಳ ಮೂಲ ಪ್ರತಿಗಳನ್ನೂ ಇಡಲಾಗಿತ್ತು. ಗುಲಾಮಗಿರಿಯ ಸ್ಮರಣೆಗಾಗಿ ಇರುವ ಸಂಸ್ಥೆ ಈ ಭಾಗದ ಸಿದ್ಧತೆಯಲ್ಲಿ ಕೈಜೋಡಿಸಿತ್ತು.

ಮಾರ್ಟಿನೀಕ್‌ನ ಜನ ಪ್ಯಾರಿಸ್ಸಿನ ಪ್ರದರ್ಶನಕ್ಕಾಗಿ ಕಾದಿರಲಿಲ್ಲ. ಅದೇ ದ್ವೀಪದಲ್ಲಿ ಹುಟ್ಟಿ ಚಕ್ರವರ್ತಿನಿಯಾದ ಜೋಸೆಫೀನಳ ಅಮೃತಶಿಲೆಯ ಪ್ರತಿಮೆಯನ್ನು 1859ರಲ್ಲಿ ಫೋರ್-ದ-ಫ್ರಾನ್ಸ್ ಪಟ್ಟಣದಲ್ಲಿ ನಿಲ್ಲಿಸಲಾಗಿತ್ತು. 1991ರಲ್ಲಿ ಯಾರೋ ಅದರ ತಲೆ ಕಡಿದರು. ತಲೆಯನ್ನು ಮತ್ತೆ ಕೂಡಿಸಲಿಲ್ಲ. ಸುಮಾರು ಮೂವತ್ತು ವರ್ಷ ಪ್ರತಿಮೆ ರುಂಡವಿಲ್ಲದೆಯೇ ನಿಂತಿತ್ತು. 2020ರ ಜುಲೈನಲ್ಲಿ ಪ್ರತಿಭಟನಕಾರರು ಅದನ್ನು ಉರುಳಿಸಿದರು. ಉರುಳಿಸಿದ್ದರ ಬಗ್ಗೆ ನನಗೆ ಅನುಮಾನಗಳಿವೆ. ಆ ಮೂವತ್ತು ವರ್ಷಗಳ ರುಂಡವಿಲ್ಲದ ಪ್ರತಿಮೆಯೇ ಸಾಮ್ರಾಜ್ಯದ ಎರಡೂ ಅರ್ಥಗಳನ್ನು ಒಟ್ಟಿಗೆ ಹೇಳುತ್ತಿತ್ತು.

ಈ ಪತ್ರರಾಶಿಯಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಪತ್ರವೂ ಒಂದಿದೆ. 1799ರ ಜನವರಿ 25ರಂದು ಕೈರೋದಿಂದ ನೆಪೋಲಿಯನ್ ಟಿಪ್ಪು ಸುಲ್ತಾನನಿಗೆ ಪತ್ರ ಬರೆದು, ನಂಬಿಕೆಯ ವ್ಯಕ್ತಿಯೊಬ್ಬನನ್ನು ತನ್ನಲ್ಲಿಗೆ ಕಳುಹಿಸುವಂತೆ ಕೋರಿದ್ದನು. ಪತ್ರ ಜೆಡ್ಡಾದಲ್ಲಿ ಬ್ರಿಟಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದನು. ಅರಮನೆಯಲ್ಲಿ ಸಿಕ್ಕಿದವೆಂದು ಕಂಪನಿ ಅದೇ ವರ್ಷ ಪ್ರಕಟಿಸಿದ ಕಾಗದಗಳಲ್ಲಿ, 1797ರಲ್ಲಿ ಅಲ್ಲಿ ಫ್ರೆಂಚರು ನಡೆಸಿದರೆನ್ನಲಾದ ಜಾಕೊಬಿನ್ ಸಭೆಯ ನಡಾವಳಿಯೂ ಇದೆ. ಅದರ ನೈಜತೆಯನ್ನು ಶಂಕಿಸುವ ಚರಿತ್ರಕಾರರಿದ್ದಾರೆ. ಟಿಪ್ಪುವಿನ ಪರ್ಷಿಯನ್ ಪತ್ರಗಳನ್ನು ಆಯ್ದು 1811ರಲ್ಲಿ ಇಂಗ್ಲಿಷಿಗೆ ತಂದ ಕರ್ಕ್‌ಪ್ಯಾಟ್ರಿಕ್ ಕಂಪನಿಯ ಸೈನ್ಯಾಧಿಕಾರಿ. ಪ್ರಿನ್ಸ್ ನೆಪೋಲಿಯನ್ ತನ್ನ ದೊಡ್ಡಪ್ಪನ ಘನತೆಯನ್ನು ಕಾಯಲು ಪತ್ರಗಳನ್ನು ಆಯ್ದನು. ಕರ್ಕ್‌ಪ್ಯಾಟ್ರಿಕ್ ಆಯ್ದದ್ದು ಸೋತ ವೈರಿಯ ಪತ್ರಗಳನ್ನು. ಮೊದಲನೆಯ ಆಯ್ಕೆಯ ಪಕ್ಕದಲ್ಲಿಟ್ಟು ನೋಡಲು ಈಗ ಹದಿನೈದು ಸಂಪುಟಗಳಿವೆ. ನಾನು ಕಂಡಂತೆ, ಟಿಪ್ಪುವಿನ ಪತ್ರಗಳೆಂದು ನಮ್ಮ ಲೇಖನಗಳಲ್ಲಿ ಹೆಚ್ಚಾಗಿ ಉದ್ಧೃತವಾಗುವುದು ಈಗಲೂ ಎರಡನೆಯ ಆಯ್ಕೆಯೇ.