ಕಾಲುಬಾಯಿ ಲಸಿಕೆಗೆ ಹ್ಯಾಮ್‌ಸ್ಟರ್ ಏಕೆ ಬೇಕು?

ತಂಗಡಗಿ ಕೃಷ್ಣೆಯ ದಂಡೆಯ ಊರು, ನೀಲಮ್ಮನ ಐಕ್ಯಸ್ಥಳ. ಇಲ್ಲಿಂದ ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿಯವರೆಗೂ ಎತ್ತು, ಆಕಳು, ಎಮ್ಮೆ ಕಟ್ಟಿದ ಮನೆಗಳಿಗೆ ಕಾಲುಬಾಯಿ ಬೇನೆಯ ಹೆಸರು ಹೊಸದಲ್ಲ. ಇದಕ್ಕಾಗಿ ಆರು ತಿಂಗಳಿಗೊಮ್ಮೆ ಹಾಕುವ ಚುಚ್ಚುಮದ್ದು ತಯಾರಾಗುವುದು ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಜೀವಕೋಶಗಳಲ್ಲಿ. ಹೇಗೆ ತಯಾರಾಗುತ್ತದೆ ಎಂದು ತಿಳಿದರೆ, ಅದನ್ನು ಯಾವಾಗ ಹಾಕಿಸಬೇಕು, ಹೇಗೆ ಜೋಪಾನ ಮಾಡಬೇಕು ಎಂಬುದಕ್ಕೂ ಕಾರಣ ಸಿಗುತ್ತದೆ.

ವೈರಸ್ ಬೆಳೆಸಲು ಜೀವಂತ ಕೋಶ ಬೇಕು

ಈ ಲಸಿಕೆ ಎಂದರೆ ರೋಗದ ವೈರಸ್ಸನ್ನೇ ಬೆಳೆಸಿ, ನಿಷ್ಕ್ರಿಯಗೊಳಿಸಿ, ದನದ ಮೈಗೆ ಪರಿಚಯ ಮಾಡಿಸುವುದು. ಆದರೆ ವೈರಸ್ ತಾನಾಗಿ ಬೆಳೆಯದು, ಅದಕ್ಕೆ ಜೀವಂತ ಕೋಶವೇ ಆಗಬೇಕು. ಯುರೋಪಿನಲ್ಲಿ ಮೊದಲು ಕಸಾಯಿಖಾನೆಯಿಂದ ತಂದ ದನದ ನಾಲಿಗೆಯ ಮೇಲ್ಪದರದಲ್ಲಿ ಈ ವೈರಸ್ ಬೆಳೆಸುತ್ತಿದ್ದರು. ನೆದರ್‌ಲ್ಯಾಂಡ್ಸ್‌ನ ಫ್ರೆಂಕೆಲ್ ಕಂಡುಹಿಡಿದ ವಿಧಾನ ಅದು. ನಾಲಿಗೆಗಳು ಸಿಕ್ಕಷ್ಟೇ ಲಸಿಕೆ.

ಈ ಕಟ್ಟು ಬಿಚ್ಚಿದ್ದು 1961ರಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯನ್ ಮ್ಯಾಕ್‌ಫರ್ಸನ್ ಮತ್ತು ಮೈಕೆಲ್ ಸ್ಟೋಕರ್, ಹುಟ್ಟಿ ಒಂದೇ ದಿನವಾಗಿದ್ದ ಐದು ಹ್ಯಾಮ್‌ಸ್ಟರ್ ಮರಿಗಳ ಮೂತ್ರಪಿಂಡದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದರು. ಸಾಮಾನ್ಯ ಕೋಶಗಳು ಕೆಲವು ಪೀಳಿಗೆ ವಿಭಜನೆಯಾಗಿ ನಿಂತುಬಿಡುತ್ತವೆ. ಇವು ನಿಲ್ಲಲಿಲ್ಲ. ಬಿಎಚ್‌ಕೆ-21 ಎಂದು ಹೆಸರಾದ ಈ ಕೋಶಗಳಲ್ಲಿ ಕಾಲುಬಾಯಿ ವೈರಸ್ ಸೊಗಸಾಗಿ ಬೆಳೆಯಿತು. ಮರುವರ್ಷವೇ ಇಂಗ್ಲೆಂಡಿನ ಪರ್‌ಬ್ರೈಟ್ ಸಂಶೋಧಕರು, ಪಾತ್ರೆಯ ತಳಕ್ಕೆ ಅಂಟಿಕೊಳ್ಳದೆ ದ್ರವದಲ್ಲಿ ತೇಲುತ್ತಲೇ ಬೆಳೆಯುವಂತೆ ಇವನ್ನು ಪಳಗಿಸಿದರು. ಆಗ ಸಾವಿರಾರು ಲೀಟರಿನ ಉಕ್ಕಿನ ಟ್ಯಾಂಕುಗಳಲ್ಲಿ ಲಸಿಕೆ ಮಾಡುವ ದಾರಿ ತೆರೆಯಿತು.

ಪ್ರತಿ ಸಲವೂ ಹೊಸ ಹ್ಯಾಮ್‌ಸ್ಟರ್ ಕೊಲ್ಲಬೇಕೆ? ಬೇಕಿಲ್ಲ. ಆ ಐದು ಮರಿಗಳ ಕೋಶಗಳ ಸಂತತಿಯನ್ನೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ಬೇಕಾದಾಗ ಬೀಜದಂತೆ ಒಂದಿಷ್ಟು ತೆಗೆದು ಬೆಳೆಸುತ್ತಾರೆ.

ಟ್ಯಾಂಕಿನಿಂದ ಬಾಟಲಿಗೆ

ಸಕ್ಕರೆ, ಲವಣ, ಪೋಷಕಾಂಶಗಳ ದ್ರವದಲ್ಲಿ ಕೋಶಗಳು ದಟ್ಟವಾದ ಮೇಲೆ ವೈರಸ್ ಬಿಡುತ್ತಾರೆ. ಸುಮಾರು ಒಂದು ದಿನದಲ್ಲಿ ಅದು ಕೋಶಗಳೊಳಗೆ ಹೆಚ್ಚಿ, ಅವನ್ನು ಒಡೆದು ಹೊರಬರುತ್ತದೆ. ಕೋಶದ ಚೂರುಗಳನ್ನು ಸೋಸಿ, ಬೈನರಿ ಎಥಿಲೀನ್‌ಇಮೈನ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಅದು ವೈರಸ್ಸಿನ ಒಳಗಿನ ಆರ್‌ಎನ್‌ಎಯನ್ನು ಕೆಡಿಸುತ್ತದೆ, ಹೊರಗಿನ ಚಿಪ್ಪನ್ನು ಹಾಗೇ ಉಳಿಸುತ್ತದೆ. ದನದ ಮೈ ಗುರುತು ಹಿಡಿಯುವುದು ಆ ಚಿಪ್ಪನ್ನೇ. ಕೊನೆಗೆ ಎಣ್ಣೆಯೊಂದಿಗೆ ಕಲಸಿ ಬೆಳ್ಳಗಿನ ಮಿಶ್ರಣ ಮಾಡುತ್ತಾರೆ. ಎಣ್ಣೆಯಿಂದಾಗಿ ಮದ್ದು ಮಾಂಸಖಂಡದಲ್ಲಿ ನಿಧಾನಕ್ಕೆ ಬಿಡುಗಡೆಯಾಗಿ ರಕ್ಷಣೆ ಹೆಚ್ಚು ದಿನ ನಿಲ್ಲುತ್ತದೆ.

ನಮ್ಮ ದೇಶದ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಯ ವೈರಸ್ ಇರುತ್ತವೆ. ಒಂದು ಬಗೆಯ ವಿರುದ್ಧ ಬಂದ ಶಕ್ತಿ ಇನ್ನೊಂದನ್ನು ತಡೆಯದು, ಆದ್ದರಿಂದ ಮೂರೂ ಬೇಕು. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಇದರ ದೊಡ್ಡ ತಯಾರಕ ಸಂಸ್ಥೆ. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಇದನ್ನು ರೈತರಿಗೆ ಉಚಿತವಾಗಿ ಹಾಕಲಾಗುತ್ತದೆ.

ಹಾಕಿಸುವವರು ಗಮನಿಸಬೇಕಾದ್ದು

ತಂಪು: ಬಿಸಿಯಾದರೆ ವೈರಸ್ಸಿನ ಚಿಪ್ಪು ಚೂರಾಗುತ್ತದೆ, ಹೆಪ್ಪುಗಟ್ಟಿದರೆ ಎಣ್ಣೆ ಬೇರ್ಪಡುತ್ತದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ನಮ್ಮ ಜಿಲ್ಲೆಯ ಬಿಸಿಲಿಗೆ ಐಸ್ ಡಬ್ಬಿ ಇಲ್ಲದೆ ತಂದ ಮದ್ದನ್ನು ನಂಬುವಂತಿಲ್ಲ.

ಸಮಯ: ಮೈಯಲ್ಲಿ ಶಕ್ತಿ ಬೆಳೆಯಲು ಎರಡು-ಮೂರು ವಾರ ಬೇಕು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುವವರು ಹೊರಡುವ ಹಿಂದಿನ ದಿನ ಹಾಕಿಸಿದರೆ ಉಪಯೋಗವಿಲ್ಲ, ಡಿಸೆಂಬರಿನ ಮೊದಲೆರಡು ವಾರದಲ್ಲೇ ಮುಗಿಸಬೇಕು.

ಕರು: ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಚುಚ್ಚುಮದ್ದು, ತಿಂಗಳ ನಂತರ ಇನ್ನೊಂದು. ಈ ಎರಡನೆಯದನ್ನು ಬಿಟ್ಟರೆ ಮೊದಲನೆಯದರ ಫಲ ಬೇಗ ಇಳಿಯುತ್ತದೆ. ಕರುಗಳಲ್ಲಿ ಈ ಬೇನೆ ಹೃದಯಕ್ಕೆ ಇಳಿದು ದಿಢೀರ್ ಸಾವು ತರಬಲ್ಲದು.

ತೊಂದರೆ: ಚುಚ್ಚಿದ ಜಾಗದಲ್ಲಿ ಗಂಟು ಕಾಣಬಹುದು, ಒಂದೆರಡು ದಿನ ಹಾಲು ಕಡಿಮೆಯಾಗಬಹುದು. ಸೋಸಿದ ಮೇಲೂ ಉಳಿದ ಹ್ಯಾಮ್‌ಸ್ಟರ್ ಪ್ರೋಟೀನಿನ ಅಂಶ ಅಪರೂಪಕ್ಕೆ ಕೆಲವು ದನಗಳಿಗೆ ಒಗ್ಗುವುದಿಲ್ಲ. ಮುಖ ಬಾತರೆ, ಉಸಿರು ಕಟ್ಟಿದರೆ ತಕ್ಷಣ ಪಶುವೈದ್ಯರನ್ನು ಕರೆಯಬೇಕು.

ಬೇನೆ ಬಂದುಬಿಟ್ಟರೆ: ದನವನ್ನು ಬೇರೆ ಕಟ್ಟಿ, ಗೋದಲಿ, ನೀರಿನ ತೊಟ್ಟಿ ಬೇರೆ ಮಾಡಬೇಕು. ಲೀಟರ್ ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಕೊಟ್ಟಿಗೆಯ ನೆಲ ತೊಳೆದರೆ ವೈರಸ್ ಸಾಯುತ್ತದೆ.

ಮನುಷ್ಯರ ಮದ್ದಿಗೂ

ಈ ಲಸಿಕೆಗೆ ಕೋಶ ಕೊಟ್ಟದ್ದು ಸಿರಿಯಾ ಮೂಲದ ಹ್ಯಾಮ್‌ಸ್ಟರ್. ಭಾರತ್ ಬಯೋಟೆಕ್‌ನ ಕೊವ್ಯಾಕ್ಸಿನ್ ಲಸಿಕೆಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಇದೇ ಜಾತಿಯ ಪ್ರಾಣಿಗಳ ಮೇಲೂ ಪರೀಕ್ಷಿಸಿತ್ತು.

ಚೀನೀ ಹ್ಯಾಮ್‌ಸ್ಟರ್ ಬೇರೆ ಜಾತಿ. ಅದರ ಅಂಡಾಶಯದ ಕೋಶಗಳನ್ನು ಅಮೆರಿಕದ ಥಿಯೊಡೋರ್ ಪಕ್ 1950ರ ದಶಕದಲ್ಲಿ ಬೆಳೆಸಿದರು. ಸಿಎಚ್‌ಒ ಎಂಬ ಈ ಕೋಶಗಳ ಕೆಲಸ ವೈರಸ್ ಬೆಳೆಸುವುದಲ್ಲ. ಮನುಷ್ಯರ ಜೀನ್ ಸೇರಿಸಿದರೆ ಅವು ನಮ್ಮ ಮೈ ಒಪ್ಪುವಂಥ ಪ್ರೋಟೀನ್ ತಯಾರಿಸಿ ಹೊರಬಿಡುತ್ತವೆ. ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಟಿಪಿಎ 1987ರಲ್ಲಿ ಹೀಗೆ ಬಂತು. ಡಯಾಲಿಸಿಸ್ ರೋಗಿಗಳಿಗೆ ರಕ್ತ ಹೆಚ್ಚಿಸಲು ಕೊಡುವ ಎರಿಥ್ರೊಪೊಯೆಟಿನ್ 1989ರಲ್ಲಿ ಬಂತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದ ಸ್ತನ ಕ್ಯಾನ್ಸರಿನ ಔಷಧ ಟ್ರಾಸ್ಟುಜುಮ್ಯಾಬ್ ಕೂಡ ಇದೇ ಕೋಶಗಳದ್ದು.

ಇವೆಲ್ಲ ಪ್ರೋಟೀನ್ ಔಷಧಗಳು, ಬಿಸಿಲಿಗೆ ಬಿದ್ದರೆ ಇವೂ ಕೆಡುತ್ತವೆ. ಮನೆಯವರಿಗಾಗಿ ಎರಿಥ್ರೊಪೊಯೆಟಿನ್ ಚುಚ್ಚುಮದ್ದನ್ನು ವಿಜಯಪುರದಿಂದ ಬಸ್ಸಿನಲ್ಲಿ ತರುವವರು ಅಂಗಡಿಯಲ್ಲೇ ಐಸ್ ಪ್ಯಾಕ್ ಕೇಳಿ ಪಡೆಯಿರಿ. ಮನೆಗೆ ಬಂದ ಮೇಲೆ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಡಿ, ಮೇಲಿನ ಫ್ರೀಜರ್‌ನಲ್ಲಿ ಬೇಡ.